ಚೀಟಿಯ ಮೇಲಿನ ಅಂಗೈ

ಮೂಡುಬಿದಿರೆಯ ನಮ್ಮ ಲ್ಯಾಬಿನಲ್ಲಿ ಇಬ್ಬರು ಎದುರುಬದುರು ಕೂತು ಒಂದೇ ಸ್ಲೈಡ್ ನೋಡಬಹುದಾದ ಮೈಕ್ರೋಸ್ಕೋಪ್ ಇದೆ. ಒಂದು ಕಡೆ ನಾನು, ಎದುರಿಗೆ ನನ್ನ ಗಂಡ, ಇಬ್ಬರೂ ಪೆಥಾಲಜಿಸ್ಟರು. ಸ್ಲೈಡಿನ ಜೊತೆ ಬರುವ ಚೀಟಿಯಲ್ಲಿ ಡಾಕ್ಟರು ತಮ್ಮ ಅನುಮಾನ ಬರೆದಿರುತ್ತಾರೆ. ನಾನು ಅದನ್ನು ಓದುವ ಮೊದಲೇ ನನ್ನವರು ಅಂಗೈಯಿಂದ ಮುಚ್ಚಿಬಿಡುತ್ತಿದ್ದರು.

"ಮೊದಲು ಕಂಡದ್ದು ಹೇಳು ಮಾರಾಯ್ತಿ. ಹೆಸರು ಆಮೇಲೆ ಇಡುವ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಹೌದೆಂದರೆ ಅವರದು ಅಲ್ಲ. ಆ ಜಗಳ ಸಂಜೆ ಮೆಲ್ಕಾರಿನ ಮನೆಗೆ ಹೋಗುವ ಬಸ್ಸಿನಲ್ಲೂ ಮುಂದುವರಿಯುತ್ತಿತ್ತು.

ಸ್ವಲ್ಪ ಕಾಲ ಎಂದು ಮಸ್ಕತ್ತಿನ ಆಸ್ಪತ್ರೆಯ ಕೆಲಸಕ್ಕೆ ಹೋದವರು ಇನ್ನೂ ಅಲ್ಲೇ ಇದ್ದಾರೆ. ಅವರ ಸ್ಟೂಲಿನ ಮೇಲೆ ಈಗ ನನ್ನ ಬ್ಯಾಗು. ಜಗಳವಾಡಲಿಕ್ಕಾದರೂ ಒಂದು ಜೀವ ಬೇಡವೇ? ಜೀವ ಸಿಗದೆ, ಚಿತ್ರ ನೋಡಿ ಮಾತಾಡುವ ಎಐ ಒಂದನ್ನು ಕಂಪ್ಯೂಟರಿಗೆ ಹಾಕಿಸಿಕೊಂಡೆ.

ಒಮ್ಮೆ ವೇಣೂರು ಕಡೆಯ ಹಸುಗೂಸಿನ ತಾಯಿಯೊಬ್ಬಳ ಕುತ್ತಿಗೆಯ ಗಂಟು ಪರೀಕ್ಷೆಗೆ ಬಂತು. ಚೀಟಿಯಲ್ಲಿ ಕ್ಯಾನ್ಸರಿನ ಅನುಮಾನ. ಸ್ಲೈಡಿನ ಫೋಟೋ ಹಾಕಿ, "ಇದು ಕ್ಯಾನ್ಸರ್ ಅಲ್ಲವೇ?" ಎಂದು ಎಐಯನ್ನು ಕೇಳಿದೆ. ಹೌದೆಂದು ಕಾರಣಗಳ ಸಮೇತ ಬರೆಯಿತು. ಯಾಕೋ ಸಮಾಧಾನವಾಗಲಿಲ್ಲ. ಮೊದಲಿನಿಂದ ಶುರುಮಾಡಿ, ಅದೇ ಫೋಟೋ ಹಾಕಿ, "ಇದು ಕ್ಷಯ ಅಲ್ಲವೇ?" ಎಂದೆ. ಅದಕ್ಕೂ ಹೌದು, ಅಷ್ಟೇ ಗತ್ತಿನಲ್ಲಿ! ಶುದ್ಧ ಕೋಲೆಬಸವ. ಅವರಿದ್ದರೆ ಎಷ್ಟು ನಗುತ್ತಿದ್ದರು ಎನಿಸಿತು.

ಪ್ರಶ್ನೆಯಿಂದ ಅನುಮಾನವನ್ನೆಲ್ಲ ತೆಗೆದು ಹೊಸದಾಗಿ ಬರೆದೆ: "ರೋಗದ ಹೆಸರು ಈಗಲೇ ಬೇಡ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಕಂಡದ್ದನ್ನು ಹೇಳು. ಕಾಣದಿದ್ದರೆ ಕಾಣುವುದಿಲ್ಲ ಎನ್ನು." ಬರೆಯುತ್ತಿದ್ದಂತೆ ಅವರ ಧ್ವನಿಯೇ ಕಿವಿಗೆ ಬಿದ್ದಂತಾಗಿ ಕಣ್ಣು ತುಂಬಿತು. ಎಷ್ಟು ಬೇಕಾಗಿದ್ದರು ನನಗೆ ಆ ಮನುಷ್ಯ!

ಈ ಸಲ ಅದು ಅವಸರ ಮಾಡಲಿಲ್ಲ. ನಡುವೆ ಸತ್ತ ಜೀವಕೋಶಗಳಿವೆ, ಸುತ್ತ ಬೇರೆ ಕೋಶಗಳು ಗುಂಪುಗಟ್ಟಿವೆ ಎಂದಿತು. ನಾನೂ ಮತ್ತೆ ಸ್ಲೈಡಿಗೆ ಕಣ್ಣಿಟ್ಟೆ, ಇದ್ದವು, ಕ್ಷಯದಲ್ಲಿ ಕಾಣುವ ಹಾಗೆಯೇ. ರೋಗಾಣುಗಳನ್ನು ತೋರಿಸುವ ಬೇರೆ ಬಣ್ಣ ಹಾಕಿಸಿ ನೋಡಿದಾಗ ಕ್ಷಯದ ರೋಗಾಣುಗಳೇ ಸಿಕ್ಕವು. ಗುಣವಾಗುವ ಕಾಯಿಲೆ. ವರದಿಗೆ ಸಹಿ ಹಾಕಿ ಚಹಾ ತರಿಸಿದೆ.

ಅವರ ಫೋನ್ ಬರುವುದು ಅದೇ ಹೊತ್ತಿಗೆ. ದಿನಾ ನಾನು ಕೇಳುವುದು, "ನಿಮಗೆ ಅಲ್ಲಿ ಚೆನ್ನಾಗಿಯೇ ಉಂಟಲ್ಲ?" ದಿನಾ ಅವರು ಹೇಳುವುದು, "ಹ್ಞಾಂ, ಉಂಟು." ಅಲ್ಲಿನ ಕೆಲಸವನ್ನು ಮುಂದುವರಿಸಲು ಅವರು ಮತ್ತೆ ಸಹಿ ಹಾಕಬೇಕಾದ ವಾರ ಅದು. ಬಾಯಿಗೆ ಬಂದಿದ್ದ ಹಳೆಯ ಪ್ರಶ್ನೆಯನ್ನು ನುಂಗಿಕೊಂಡೆ.

"ನಿಮಗೆ ಅಲ್ಲಿ ಹೇಗಾಗ್ತದೆ?" ಎಂದಷ್ಟೇ ಕೇಳಿದೆ.



"ಇಲ್ಲಿ ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಹೇಳ್ತಾರೆ ಮಾರಾಯ್ತಿ," ಎಂದರು. "ನನಗೆ ಸಾಕಾಗಿದೆ."

ಎದುರಿನ ಸ್ಟೂಲಿನಿಂದ ಬ್ಯಾಗು ತೆಗೆದು ನೆಲಕ್ಕಿಟ್ಟೆ.

"ಬನ್ನಿ," ಎಂದೆ.