ಮುಟ್ಟು ನಿಂತ ಮೇಲೆ ಒಲೆಯ ಮುಂದೆ

ನನ್ನ ಮುಟ್ಟು ನಿಂತದ್ದಕ್ಕೆ ಮನೆಯಲ್ಲಿ ಸಂತೋಷಪಟ್ಟವರು ಒಬ್ಬರೇ, ನಮ್ಮ ಅತ್ತೆ. "ಇನ್ನ ನಿನಗ ಅಡ್ಡಿ ಇಲ್ಲ ನೋಡವಾ. ದೇವರ ಅಡಗಿ ನಿಂದ," ಎಂದರು. ಮುಟ್ಟಾದವಳು ಒಲೆಯ ಹತ್ತಿರ ಬರಬಾರದು ಎಂಬುದು ಬಾಲಗಾಂವದ ನಮ್ಮ ಮನೆಯ ಕಟ್ಟು. ಸೂತಕವೇ ಇಲ್ಲ ಎಂದು ಶರಣರು ಹೇಳಿದ್ದಾರಂತೆ. ಅತ್ತೆ ಶರಣರನ್ನು ಅಡುಗೆಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಹಾಗಾಗಿ ಅಮಾವಾಸ್ಯೆ ಇರಲಿ, ಶ್ರಾವಣದ ಸೋಮವಾರ ಇರಲಿ, ಬೆಳಗಿನಿಂದ ಒಲೆಯ ಮುಂದೆ ನಾನೇ. ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತಿಂಗಳಿಗೆ ಮೂರು ದಿನ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಅವಳ ಮುಟ್ಟಿಗೆ ಹೊಟ್ಟೆಕಿಚ್ಚು ಪಟ್ಟೆ. ನಗಬೇಡಿ.

ಆಗಲೇ ಬೆವರು ಶುರುವಾಯಿತು. ಎದೆಯಿಂದ ಬಿಸಿ ಎದ್ದು, ಕಿವಿ ಕಾದು, ನೋಡನೋಡುತ್ತಲೇ ಕುಪ್ಪಸ ಹಿಂಡುವಷ್ಟು ಒದ್ದೆ. ಚಳಿಗಾಲದಲ್ಲೂ ಅದೇ ಗೋಳು. ಒಂದು ಅಮಾವಾಸ್ಯೆ ಹೋಳಿಗೆ ಬೇಯಿಸುವಾಗ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದೆ. ಅತ್ತೆ ಹೂರಣದ ಪಾತೇಲಿಯನ್ನು ದೂರ ಸರಿಸಿದರು. "ಬೆವರು ಬಿದ್ದೀತು, ದೇವರದ್ದ ಅದು," ಎಂದರು. ನನ್ನನ್ನು ಯಾರೂ ಸರಿಸಲಿಲ್ಲ. ಸಿಟ್ಟಿಗೆ ಮೈಯೆಲ್ಲ ಉರಿಯಿತು.

ಮರುದಿನ ಒಬ್ಬಳೇ ಬಸ್ಸು ಹತ್ತಿ ಜತ್ತಿನ ದವಾಖಾನೆಗೆ ಹೋದೆ. ರಕ್ತ ತಪಾಸಣೆಯಾಯಿತು. ರಿಪೋರ್ಟ್ ನೋಡಿದ ಡಾಕ್ಟರಬಾಯಿ, "ಬೆವರು ಮುಟ್ಟು ನಿಂತದ್ದಕ್ಕರಿ. ಆದ್ರ ಕೊಲೆಸ್ಟ್ರಾಲ್ ಭಾಳ ಏರ್ಯಾದ. ಎದಿನೋವಿನ ಜೋಡಿ ಬೆವರು ಬಂದ್ರ ತಡಾ ಮಾಡದ ಲಗೂನ ಬರ್ರಿ. ಗುಳಗಿ ತಗೋರಿ, ತುಪ್ಪ ಕಡಿಮಿ ಮಾಡ್ರಿ, ದಿನಾ ಮುಂಜಾನಿ ನಡೀರಿ. ತಾಸಗಟ್ಲೆ ಒಲಿ ಮುಂದ ಕುಂದ್ರಬ್ಯಾಡ್ರಿ," ಎಂದರು. ನಮ್ಮವ್ವ ಇದೇ ವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಹೋದವಳು. ನನಗೆ ಅಷ್ಟು ಬೇಗ ಹೋಗುವ ಮನಸ್ಸಿರಲಿಲ್ಲ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿದೆ. ನೆಗೆಣ್ಣಿಗೆ ಅಂದು ಮುಟ್ಟಿನ ಎರಡನೇ ದಿನ.

"ನೇವೇದ್ಯ ಯಾರ ಮಾಡವ್ರು?" ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ತಂಗಿ ಮಾಡ್ತಾಳರಿ. ಆಕಿಗೂ ಎರಡ ಕೈ ಅದಾವ," ಎಂದು ಪಡಸಾಲೆಯಲ್ಲಿದ್ದ ನೆಗೆಣ್ಣಿಯತ್ತ ಕೈ ತೋರಿಸಿದೆ.

ಹೊಲದ ದಾರಿ ಹಿಡಿದು ಬಿರಬಿರನೆ ನಡೆದೆ. ಅರ್ಧ ದಾರಿಯಲ್ಲೇ ಬೆವರು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನಡೆದೆ. ತಿರುಗಿ ಬಂದಾಗ ನೆಗೆಣ್ಣಿ ಹಂಚಿನ ಮುಂದೆ ಕೂತಿದ್ದಳು. ಹೆದರಿಕೆಗೆ ಮೂರು ಹೋಳಿಗೆ ಹರಿದಿದ್ದವು. ಅತ್ತೆ ಅಂದು ಒಂದು ತುತ್ತೂ ಮುಟ್ಟಲಿಲ್ಲ.

ಸಂಜೆ ಅವರಾಗಿಯೇ ನನ್ನ ಪಕ್ಕ ಬಂದು ಕೂತರು. "ನನಗೂ ಹಿಂಗ ಬೆವರು ಬರ್ತಿತ್ತ. ಐದಾರು ವರ್ಷ. ಯಾರ ಮುಂದೂ ಅನ್ನಲಿಲ್ಲ," ಎಂದರು.

ಬೇರೆ ಯಾರಾದರೂ ಆಗಿದ್ದರೆ ಕಣ್ಣು ತುಂಬಿಕೊಳ್ಳುತ್ತಿದ್ದರೇನೋ. ನನಗೆ ಬಂದದ್ದು ಸಿಟ್ಟು.

"ಗೊತ್ತಿದ್ದೂ ನನ್ನ ಒಲಿ ಮುಂದ ಕುಂದರಿಸಿದ್ರೇನ್ರಿ, ಅತ್ತಿ?"

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಸಮಾಧಾನ ಹೇಳಲಿಲ್ಲ.