ಪೈಲಟ್ ದುರಗಪ್ಪನ ಹೊಟ್ಟೆಕಿಚ್ಚು

ಕರೋಶಿಯ ದುರಗಪ್ಪನನ್ನು ನಾವೆಲ್ಲ ಪೈಲಟ್ ಎಂದು ಕರೆಯುತ್ತಿದ್ದೆವು. ಮಂತ್ರಿಯ ಕಾರಿನ ಮುಂದೆ ಪೊಲೀಸರ ಜೀಪೊಂದು ಓಡುತ್ತದಲ್ಲ, ಅದರಿಂದ ಬಂದ ಹೆಸರು. ನಮ್ಮ ಕೂಲಿಕಾರರ ಸಂಘ ಎಲ್ಲಿಗೇ ಕಾಲ್ನಡಿಗೆ ಜಾಥಾ ಹೊರಡಿಸಲಿ, ಹದಿನೈದು ದಿನವೋ ತಿಂಗಳೋ ಮೊದಲೇ ಅವನು ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬನೇ ಆ ಇಡೀ ದಾರಿ ನಡೆದು ಬರುತ್ತಿದ್ದ. ಯಾವ ಊರಿನ ಶಾಲೆಯ ಕೀಲಿ ಯಾರ ಹತ್ತಿರ ಇರುತ್ತದೆ, ಯಾವ ಬಾವಿಯ ನೀರು ಸವಳು, ಎಲ್ಲಿ ನೂರು ಮಂದಿ ಕೂತು ಉಣ್ಣುವಷ್ಟು ನೆರಳಿದೆ, ಎಲ್ಲವನ್ನೂ ತಲೆಯಲ್ಲಿ ಹೊತ್ತು ತರುತ್ತಿದ್ದ. ಓದುಬರಹ ಬರುತ್ತಿರಲಿಲ್ಲ. ಚಿಕ್ಕೋಡಿಯಲ್ಲಿ ಸೈಕಲ್ ಅಂಗಡಿಯ ಹಿಂದಿದ್ದ ಸಂಘದ ಕಚೇರಿಯ ಖೋಲಿಗೆ ಬಂದು ಕಣ್ಣುಮುಚ್ಚಿ ಒಂದೇ ಉಸಿರಿಗೆ ಹೇಳುತ್ತಿದ್ದ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹದಿನೆಂಟು ವರ್ಷ ಹೀಗೇ ನಡೆಯಿತು. ಒಮ್ಮೆಯೂ ದಾರಿ ತಪ್ಪಲಿಲ್ಲ.

ಅವನೇನು ದೊಡ್ಡ ಹೋರಾಟಗಾರನಲ್ಲ. ಘೋಷಣೆ ಕೂಗು ಎಂದರೆ ಬಾಯೊಳಗೇ ಗೊಣಗುತ್ತಿದ್ದ. ಲಾಠಿ ಬೀಸಿದರೆ ಎಲ್ಲರಿಗಿಂತ ಮೊದಲು ಓಡುತ್ತಿದ್ದವನೂ ಅವನೇ. ಓಡುವ ದಾರಿಯೂ ಅವನಿಗೇ ಗೊತ್ತಿರುತ್ತಿತ್ತು. ಅವನ ಬೆನ್ನುಹತ್ತಿ ಓಡಿ ನಾವೂ ಎಷ್ಟೋ ಸಲ ತಲೆ ಉಳಿಸಿಕೊಂಡಿದ್ದೇವೆ. ಆದರೆ ಜಾಥಾದ ಮುಂದೆ ಅವನು ನಡೆಯುವಾಗ ನೋಡಬೇಕಿತ್ತು. ವರ್ಷಪೂರ್ತಿ ಮಂದಿಯ ಹೊಲದಲ್ಲಿ ಬೆನ್ನು ಬಗ್ಗಿಸಿದ ಮನುಷ್ಯ, ಆ ನಾಲ್ಕಾರು ದಿನ ಕೋಲಿನಂತೆ ನೆಟ್ಟಗಾಗುತ್ತಿದ್ದ. ಅವನು ಎಡಕ್ಕೆ ತಿರುಗಿದರೆ ನೂರಾರು ಮಂದಿ ಎಡಕ್ಕೆ ತಿರುಗಬೇಕು. ಬೇರೆಲ್ಲೂ ಅವನಿಗೆ ಆ ಅಧಿಕಾರ ಸಿಕ್ಕಿರಲಿಲ್ಲ.

ಎರಡು ಸಾವಿರದ ಹದಿನೈದರಲ್ಲಿ ಊರ ಅಂಚಿನ ಗುಡಿಸಲುಗಳ ಜಾಗಕ್ಕೆ ಹಕ್ಕುಪತ್ರ ಕೇಳಲು ಜಾಥಾ ಗೊತ್ತಾಯಿತು. ಅಥಣಿ ತಾಲೂಕಿನ ಕೊಕಟನೂರಿನಿಂದ ಹೊರಟು, ಕೃಷ್ಣಾ ನದಿ ದಾಟಿ, ರಾಯಬಾಗದ ಮೇಲೆ ಹಾದು ಚಿಕ್ಕೋಡಿಗೆ ಆರು ದಿನದ ನಡಿಗೆ. ಡಾಂಬರು ರಸ್ತೆ ಹಿಡಿದರೆ ಸುಲಭ. ಆದರೆ ಗುಡಿಸಲುಗಳು ಇರುವುದು ಊರ ಹೊರಗಿನ ತೋಟಪಟ್ಟಿಗಳ ಬದಿಗೆ. ಆ ಗುಡಿಸಲಿನವರ ಕಣ್ಣಿಗೇ ಬೀಳದ ಜಾಥಾ ಯಾರಿಗೆ ಬೇಕು? ತಿಂಗಳೂ ಬದಲಿಸುವಂತಿರಲಿಲ್ಲ. ಜೂನಿನಲ್ಲಿ ಮಿರಗದ ಮಳೆ ಬಿದ್ದು ಬಿತ್ತಿಗೆ ಶುರುವಾದರೆ ಯಾವ ಕೂಲಿಕಾರನೂ ಕೆಲಸ ಬಿಟ್ಟು ಬರುವುದಿಲ್ಲ. ಮೇ ತಿಂಗಳ ಕೊನೆಯ ವಾರವೇ ಆಗಬೇಕು.

ಆ ಬೇಸಿಗೆ ಬೇಸಿಗೆಯಾಗಿರಲಿಲ್ಲ. ಮಾರ್ಚಿನಲ್ಲಿ ಹಿಡಿದ ಮಳೆ ವಾರಕ್ಕೆರಡು ಸಲ ಬಂದು ಬಡಿಯುತ್ತಿತ್ತು. ಅಥಣಿ, ಕಾಗವಾಡ ಕಡೆ ಶೆಡ್ಡಿನಲ್ಲಿ ಒಣಗಲು ಹಾಕಿದ ದ್ರಾಕ್ಷಿ ಮನೂಕವಾಗುವ ಬದಲು ಕಪ್ಪಿಟ್ಟು ಕೊಳೆಯಿತು. ದುರಗಪ್ಪ ಎಪ್ರಿಲ್ಲಿನಲ್ಲಿ ಮಳೆ ಬಿಡುವು ಕೊಟ್ಟಾಗ ನಡೆದು ಗೊತ್ತುಮಾಡಿದ ದಾರಿಯಲ್ಲಿ ಅರ್ಧ ಎರೆಹೊಲ, ಇನ್ನರ್ಧ ಹಳ್ಳದ ಪಾತ್ರ. ಒಣಗಿದ್ದರೆ ಅದರಂಥ ದಾರಿ ಇಲ್ಲ. ನೆನೆದರೆ ಎರೆಮಣ್ಣು ಚಪ್ಪಲಿಯನ್ನಷ್ಟೇ ಅಲ್ಲ, ಮನುಷ್ಯನನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಮೇ ಮೊದಲ ವಾರದ ಸಭೆಯಲ್ಲಿ ರಾಯಬಾಗದ ರಾಜಾರಾಮ ಬಾಯಿಬಿಟ್ಟ.

"ಪೈಲಟ್, ನೀ ಹೇಳೂ ಹಳ್ಳ ನಾ ನಿನ್ನೆ ನೋಡಿ ಬಂದೇನಿ. ಸೊಂಟಮಟ ನೀರೈತಿ."

"ಇಳೀತೈತಿ ಬಿಡ. ಬ್ಯಾಸಗಿ ನೀರ ಎಷ್ಟ ದಿನ ನಿಲ್ಲತೈತಿ?"

"ಇದು ಬ್ಯಾಸಗಿ ಐತಿ ಅಂತ ಆ ಮಳಿಗೆ ನೀನ ಹೋಗಿ ಹೇಳಿ ಬಾರಪಾ."

ಎಲ್ಲರೂ ನಕ್ಕರು. ಅಂದು ಚಿಕ್ಕೋಡಿ ಸಂತೆ. ದುರಗಪ್ಪನ ಹೆಂಡತಿ ಶೇವಂತಾ ಮನೆಯ ಕೀಲಿ ಕೊಡಲೆಂದು ಬಂದು ಬಾಗಿಲಲ್ಲಿ ನಿಂತಿದ್ದಳು. ಒಣಮೀನಿನ ಬುಟ್ಟಿ ಹೊರಗಿಟ್ಟಿದ್ದಳು. ಅಲ್ಲಿಂದಲೇ ಹೇಳಿದಳು:

"ಹಳ್ಳದ ಕಡೆ ಯಾಕ ಹೊಕ್ಕೀರಿ? ಎರಿ ಬಿಟ್ಟು ಮ್ಯಾಲಿನ ಮಡ್ಡಿ ಹಿಡದ್ರ ಹಳ್ಳ ಅಡ್ಡ ಬರೂದ ಇಲ್ಲ. ಗರಸ ನೆಲ, ಕಾಲೂ ಹುಗಿಯೂದಿಲ್ಲ."

ದುರಗಪ್ಪ ತಿರುಗಿ ನೋಡಿದ. "ನೀ ಬೊಂಬಿಲ ಮಾರ ಹೋಗ ಬೇ. ಇದು ಸಂಘದ ಕೆಲಸ."

"ಬೊಂಬಿಲ ಮಾರಾಕ ನಾ ಇಮಾನದಾಗ ಹೋಗ್ತೇನೇನ್ರಿ? ಕಾಲಿಲೇ ಹೋಗ್ತೀನಿ."

ನಮಗೆ ಯಾರಿಗೂ ಆವರೆಗೆ ಹೊಳೆಯದ ವಿಷಯ ಅದು. ಕೊಂಕಣದಿಂದ ನಿಪ್ಪಾಣಿಗೆ ಬರುವ ಒಣಮೀನನ್ನು ಕೊಂಡು ಆಕೆ ಇಪ್ಪತ್ತು ವರ್ಷದಿಂದ ಮಾರುತ್ತಿದ್ದಳು. ಒಣಮೀನಿಗೆ ಗಿರಾಕಿ ಜಾಸ್ತಿ ಮಳೆಗಾಲದಲ್ಲಿ. ಊರೊಳಗಿನ ದೊಡ್ಡ ಓಣಿಯಲ್ಲಿ ಬುಟ್ಟಿ ಇಳಿಸಿದರೆ ನಾತ ಎಂದು ಬೈಯುತ್ತಾರೆ. ಹಾಗಾಗಿ ಆಕೆ ಊರ ಹಿಂದಿನಿಂದ, ಕೂಲಿಯವರು ಇರುವ ತೋಟದಿಂದ ತೋಟಕ್ಕೆ, ಮಳೆಯಲ್ಲೇ ತಿರುಗುತ್ತಿದ್ದಳು. ಕೆಲವು ಸಲ ರಾಯಬಾಗ ದಾಟಿ ಅಥಣಿವರೆಗೂ, ಅಲ್ಲಲ್ಲಿ ವಸ್ತಿ ಮಾಡುತ್ತ. ದುರಗಪ್ಪ ಬಲ್ಲದ್ದು ಬೇಸಿಗೆಯ ನೆಲ, ಆಕೆ ಬಲ್ಲದ್ದು ಮಳೆಯ ನೆಲ. ಮದುವೆಯಾಗಿ ಇಪ್ಪತ್ತಾರು ವರ್ಷ. ನೀನು ಯಾವ ದಾರಿಯಲ್ಲಿ ಹೋಗುತ್ತಿ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ.

ಇಬ್ಬರೂ ಕೂಡಿ ಇನ್ನೊಮ್ಮೆ ನಡೆದು ಬರಲಿ ಎಂದು ತೀರ್ಮಾನಿಸಿದವನು ನಾನೇ. ದುರಗಪ್ಪ ಅಂದು ಚಹಾ ಕುಡಿಯದೆ ಎದ್ದು ಹೋದ.

ಆ ಆರು ದಿನದ ಕತೆ ಶೇವಂತಾ ನನಗೆ ನಕ್ಕೊಂತ ಒಂದೇ ಸಲಕ್ಕೆ ಹೇಳಿದಳು. ದುರಗಪ್ಪ ನಡುನಡುವೆ ಬೈಯುತ್ತ ಎರಡು ವರ್ಷ ತುಂಡುತುಂಡಾಗಿ ಹೇಳಿದ. ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ಕೊಕಟನೂರಿನವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆಯತೊಡಗಿದರು. ಗೊಬ್ಬರದ ಚೀಲದ ಕೊಪ್ಪೆ ಹೊದ್ದು ದುರಗಪ್ಪ ಮುಂದೆ, ಶೇವಂತಾ ಹಿಂದೆ. ಊರು ದಾಟಿ ಗಂಟೆಯೊಳಗೆ ಅವನು ಹಟಕ್ಕೆ ಬಿದ್ದು ತನ್ನ ಹಳೆಯ ಎರೆಹೊಲದ ದಾರಿಗೇ ಇಳಿದ. ಹತ್ತು ಮಾರು ಹೋಗುವಷ್ಟರಲ್ಲಿ ಒಂದು ಚಪ್ಪಲಿ ಮಣ್ಣೊಳಗೆ ಹೋಯಿತು. ಅದನ್ನು ಕೀಳಲು ಬಗ್ಗಿದಾಗ ಇನ್ನೊಂದೂ ಹೋಯಿತು. ಶೇವಂತಾ ಬದುವಿನ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಳು.

"ಪೈಲಟ್ ಸಾಹೇಬ್ರ, ಇಮಾನ ಇಳೀತೇನ್ರಿ?"

ಅವನು ಬರಿಗಾಲಲ್ಲಿ ಮೇಲೆ ಬಂದು, "ನೀನ ಮುಂದ ನಡಿ. ಭಾಳ ಶಾಣ್ಯಾಕಿ ಅದಿಯಲ್ಲ" ಎಂದ. ಅಲ್ಲಿಂದ ಮುಂದೆ ಆಕೆ ಹೋದಲ್ಲೆಲ್ಲ ನಲವತ್ತು ಹೆಜ್ಜೆ ಹಿಂದೆ ಬಿದ್ದು ನಡೆದ. ಕೂಡಿ ನಡೆಯುವುದಿಲ್ಲ, ಮಾತಾಡುವುದಿಲ್ಲ.

ಮೊದಲ ದಿನ ಇಳಿಹೊತ್ತಿಗೆ ಅಥಣಿಯ ಹೊರಗಿನ ಒಂದು ದ್ರಾಕ್ಷಿ ತೋಟಕ್ಕೆ ಬಂದರು. ತೋಟದೊಡತಿ ಶಿವಗಂಗವ್ವ ಮೀನು ಮುಟ್ಟುವವಳಲ್ಲ, ಆದರೆ ಆಕೆಯ ಆಳುಗಳೆಲ್ಲ ಶೇವಂತಾಳ ಗಿರಾಕಿಗಳು.

"ಬಾ ಶೇವಂತಾ, ಬುಟ್ಟಿ ಎಲ್ಲೈತಿ? ಅಲ್ಲಿ ಬೇಲಿ ಹಂತ್ಯಾಕ ನಿಂತಾನಲ್ಲ, ಅಂವ ಯಾರ?"

"ನಮ್ಮ ಮನ್ಯಾವ್ರ್ರಿ ಅವ್ವಾರ."

"ಅಯ್ಯ, ನಿನಗ ಗಂಡ ಅದಾನಂತ ಇವತ್ತ ಗೊತ್ತಾತು ನೋಡ!"

ಜಾಥಾ ವಿಷಯ ಕೇಳಿ ಶಿವಗಂಗವ್ವ ಹೆಚ್ಚು ಯೋಚಿಸಲಿಲ್ಲ. ಮನೂಕ ಒಣಗಿಸುವ ದೊಡ್ಡ ತಗಡಿನ ಶೆಡ್ ಖಾಲಿ ಬಿದ್ದಿತ್ತು. "ಬರ್ಲಿ ಬಿಡ. ಮನೂಕ ಅಂತೂ ಒಣಗಲಿಲ್ಲ, ಮಂದಿನಾರ ಒಣಗ್ಲಿ" ಎಂದಳು.

ನೂರೈವತ್ತು ಮಂದಿಗೆ ಒಣನೆಲ, ಒಂದೇ ಮಾತಿಗೆ. ದುರಗಪ್ಪನಾಗಿದ್ದರೆ ಒಬ್ಬ ಹೆಡ್ ಮಾಸ್ತರನ ಮುಂದೆ ಎರಡು ತಾಸು ಕೈಕಟ್ಟಿ ನಿಲ್ಲಬೇಕಿತ್ತು. ಮರುದಿನ ತೋಟ ದಾಟುತ್ತಲೇ ಅವನ ಬಾಯಿ ತೆರೆಯಿತು. "ತ್ವಾಟದ ಮಾಲಕರ ಶೆಡ್ನ್ಯಾಗ ಕೂಲಿಕಾರರ ಜಾಥಾ ಮಲಗೂದಿಲ್ಲ. ಸಭಾದಾಗ ಹೇಳ್ತೀನಿ ನಾ. ತತ್ವ ಅಂತ ಒಂದ ಐತಿ."

"ಹಂಗಾರ ನೀವು ಮತ್ತ ನಿಮ್ಮ ತತ್ವ ಇಬ್ರೂ ಮಳ್ಯಾಗ ಮಲಗ್ರಿ" ಎಂದು ಆಕೆ ಹಿಂತಿರುಗದೇ ಹೇಳಿದಳು.

ಚಳವಳಿಯಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ಹೊಟ್ಟೆಕಿಚ್ಚು ತತ್ವದ ಅಂಗಿ ತೊಟ್ಟು ಬರುವುದನ್ನು ದುರಗಪ್ಪನಿಗಿಂತ ದೊಡ್ಡವರಲ್ಲೂ ನೋಡಿದ್ದೇನೆ, ನನ್ನಲ್ಲೂ ನೋಡಿಕೊಂಡಿದ್ದೇನೆ. ಸಂಘಗಳು ಒಡೆದದ್ದೇ ಹೆಚ್ಚಾಗಿ ಅದರಿಂದ.

ದರೂರ ಸೇತುವೆ ದಾಟಿ ಹಾರೂಗೇರಿ ಕಡೆ ಬಂದಂತೆ ಅವನ ಉರಿ ಇನ್ನೂ ಏರಿತು. ತೋಟತೋಟದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು. ಅವನನ್ನು ಕಂಡರೆ, "ಶೇವಂತಾಬಾಯಿ ಗಂಡನೇನ್ರಿ?" ಹದಿನೆಂಟು ವರ್ಷ ಈ ಸೀಮೆಯಲ್ಲಿ ಮೆರೆದ ಪೈಲಟ್‌ನ ಹೆಸರು ಕೇಳಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಮೂರನೇ ದಿನ ಸಂಜೆ ಭೀಮಗೊಂಡ ಎಂಬ ಮುದುಕ ರೈತ ಕಬ್ಬಿನ ತೋಟದ ಪಂಪ್‌ಸೆಟ್ ಮನೆಯಲ್ಲಿ ಕೂಡಿಸಿ ತಾನೇ ಚಹಾ ಕಾಸಿ ಕೊಟ್ಟ.

"ಏನ ಶೇವಂತಾಬಾಯಿ, ಈ ಸಲ ಮಿರಗಕ್ಕಿಂತ ಮದಲ ಬಂದಿ? ಮಳಿಗೂ ನಿನಗೂ ಕರಾರ ಮುರೀತೇನ?"

ಆಕೆ ಬಿದ್ದುಬಿದ್ದು ನಕ್ಕಳು. ಅಂಥ ನಗು ದುರಗಪ್ಪ ತನ್ನ ಮನೆಯಲ್ಲಿ ಕೇಳಿರಲಿಲ್ಲ. ರಾತ್ರಿ ಅಲ್ಲೇ ಕಳೆದು ಹೊರಟ ಮೇಲೆ, ನಾಲ್ಕನೇ ದಿನದ ದಾರಿಯಲ್ಲಿ, ಎರಡು ದಿನದ ಮೌನ ಮುರಿದು ಹಿಂದಿನಿಂದ ಕೂಗಿದ:

"ಏ, ಆ ಮುದುಕ ಬೊಂಬಿಲ ತಿನ್ನತಾನೇನ?"

"ಇಲ್ರಿ. ಬೆಳ್ಳೊಳ್ಳಿ ಸೈತ ತಿನ್ನೂದಿಲ್ಲ."

"ಮತ್ತ ಅಂವನ ಹಂತ್ಯಾಕ ನಿನಗೇನ ಕೆಲಸ?"

"ಮಾತಾಡ್ತಾನು."

"ಮಾತಾಡ್ತಾನ? ಏನ ಮಾತಾಡ್ತಾನ?"

"ನೀವು ಮಾತಾಡೂದಿಲ್ಲಲಾ, ಅದನ್ನೆಲ್ಲಾ."

ಮುಂದೆ ರಾಯಬಾಗದವರೆಗೆ ಅವನ ಕಿವಿಯಲ್ಲಿ ಇದೇ ಕೊರೆಯಿತು. ಎಲ್ಲಿ ಕೆನಾಲ್ ದಾಟಿದರು, ಎಲ್ಲಿ ಮಡ್ಡಿ ಏರಿದರು, ಒಂದೂ ತಲೆಗೆ ಹೋಗಲಿಲ್ಲ.

ಚಿಕ್ಕೋಡಿಗೆ ಬಂದ ಮೂರನೇ ದಿನ ಸಭೆ. "ನೀ ಬರಬ್ಯಾಡ, ನಿನಗ ಸಂತಿ ಐತಿ" ಎಂದು ಹೆಂಡತಿಗೆ ಹೇಳಿ ಒಬ್ಬನೇ ಬಂದ. ಎಂದಿನಂತೆ ಕಣ್ಣುಮುಚ್ಚಿ ಶುರುಮಾಡಿದ. ಮೊದಲ ವಸ್ತಿ ಶಿವಗಂಗವ್ವನ ಮನೂಕ ಶೆಡ್. ತತ್ವ ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು. ಎರಡನೇ ದಿನ ಹೇಳಿದ. ಮೂರನೇ ದಿನ ಹೇಳಿದ. "ನಾ ನೋಡೇನಿ, ನಾ ಗೊತ್ತ ಮಾಡೇನಿ" ಎಂದೇ ಹೇಳಿದ. ಶೇವಂತಾಳ ಹೆಸರು ಒಮ್ಮೆಯೂ ಬರಲಿಲ್ಲ.

"ನಾಕನೇ ದಿನ ಭೀಮಗೊಂಡನ ತ್ವಾಟ ಬಿಟ್ಟು, ಕೆನಾಲ ಬರತೈತಿ..." ಎಂದವನು ನಿಂತ.

"ಕೆನಾಲ ಬಂತ. ಎಡಕ್ಕೋ ಬಲಕ್ಕೋ?" ರಾಜಾರಾಮ ಕೇಳಿದ.

ಮುಂದೆ ನಡೆಯುವವನ ಕಣ್ಣು ದಾರಿ ಹುಡುಕುತ್ತದೆ. ಹಿಂದೆ ನಡೆಯುವವನಿಗೆ ಕಾಣುವುದು ಮುಂದಿನವರ ಹಿಮ್ಮಡಿ ಮಾತ್ರ. ಈ ಸಾದಾ ಮಾತು ದುರಗಪ್ಪನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಸಿಟ್ಟಿನಲ್ಲಿ ಮರೆತಿದ್ದ. ಅವನು ಕಣ್ಣು ತೆರೆದ, ಮತ್ತೆ ಮುಚ್ಚಿದ.

ಬಾಯಿಗೆ ಬಂದದ್ದು ಹೇಳಬಹುದಿತ್ತು. ಎಡ ಎಂದಿದ್ದರೆ ನಾನು ಎಡ ಎಂದು ಬರೆದುಕೊಳ್ಳುತ್ತಿದ್ದೆ. ಅದು ತಪ್ಪೆಂದು ತಿಳಿಯುತ್ತಿದ್ದದ್ದು ನೂರೈವತ್ತು ಮಂದಿ, ಅದರಲ್ಲಿ ಮೊಣಕಾಲು ನೋವಿನ ಮುದುಕಿಯರು, ಮಳೆಯಲ್ಲಿ ಯಾವುದೋ ಎರೆಹೊಲದ ನಡುವೆ ಸಿಕ್ಕಿಬಿದ್ದ ಮೇಲೆ. ಅಲ್ಲಿಯವರೆಗೆ ಅವನ ಮಾನ ಉಳಿಯುತ್ತಿತ್ತು.

"ನನಗ ಗೊತ್ತಿಲ್ಲ" ಎಂದ ದುರಗಪ್ಪ.

ಹದಿನೆಂಟು ವರ್ಷದಲ್ಲಿ ಆ ಬಾಯಿಂದ ನಾವು ಕೇಳದ ಮಾತು ಅದು. ನಗುನಗುತ್ತ ಜೈಲಿಗೆ ಹೋದ ಮುಂದಾಳುಗಳ ಬಾಯಲ್ಲೂ ನಾನು ಅದನ್ನು ಕೇಳಿಲ್ಲ. ಅವನ ಬಗ್ಗೆ ಇಷ್ಟು ಬರೆಯುತ್ತಿರುವುದೂ ಆ ಎರಡು ಶಬ್ದಕ್ಕಾಗಿಯೇ.

"ಆಕಿನ್ನ ಕರಸ್ರಿ. ಸಂತ್ಯಾಗ ಅದಾಳ" ಎಂದು ಗೋಡೆಯ ಕಡೆ ಮುಖ ಮಾಡಿ ಕೂತ.

ರಾಜಾರಾಮ ಹೋಗಿ ಕರೆತಂದ. ಶೇವಂತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಖೋಲಿಯೆಲ್ಲ ಮೀನಿನ ವಾಸನೆ. ನಿಂತುಕೊಂಡೇ ಇಡೀ ದಾರಿ ಹೇಳಿದಳು. ಕೆನಾಲಿನ ಎಡದಂಡೆ ಹಿಡಿಯಬೇಕು, ಎರಡನೇ ತೂಬು ದಾಟಿ ಮಡ್ಡಿ ಏರಬೇಕು. ಖಡಕ್ ರೊಟ್ಟಿ ಕಟ್ಟಿಕೊಂಡರೆ ಈ ಹವೆಗೆ ಎರಡೇ ದಿನಕ್ಕೆ ಬೂಜು ಬರುತ್ತದೆ, ಹುರಿದ ಹಿಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳಿ ಎಂದಳು. ಒಂದು ಚೀಲ ಎಷ್ಟು ಭಾರವಿರಬೇಕು ಎಂದೂ ಹೇಳಿದಳು. ಅದನ್ನು ಹೇಳುವ ಅಧಿಕಾರ ಆವರೆಗೆ ದುರಗಪ್ಪನದಾಗಿತ್ತು. ಗೋಡೆ ನೋಡುತ್ತಿದ್ದವನ ಬೆನ್ನು ಇಷ್ಟೇ ಅಲುಗಿತು.

ಜಾಥಾ ನಡೆಯಿತು. ಆರರಲ್ಲಿ ನಾಲ್ಕು ದಿನ ಮಳೆ. ಮುಂದೆ ಶೇವಂತಾ. ಯಾರೂ ಹಳ್ಳಕ್ಕೆ ಬೀಳಲಿಲ್ಲ, ಯಾರೂ ಎರೆಯಲ್ಲಿ ಹೂತುಕೊಳ್ಳಲಿಲ್ಲ. ದುರಗಪ್ಪ ಸಾಲಿನ ನಡುವೆ ಎಲ್ಲೋ ಇದ್ದ. "ಯಾಕ ಪೈಲಟ್, ಈ ಸಲ ಪ್ಯಾಸೆಂಜರ್ ಏನ?" ಎಂದು ಯಾರೋ ಚುಚ್ಚಿದರೆ ಬೀಡಿ ಹಚ್ಚಿಕೊಂಡು ನಡೆದ. ಹಕ್ಕುಪತ್ರ ಕೆಲವರಿಗೆ ಎರಡು ವರ್ಷಕ್ಕೆ ಬಂತು, ಕೆಲವರಿಗೆ ಇನ್ನೂ ಬಂದಿಲ್ಲ.

ಮರುವರ್ಷ ಜುಲೈಯಲ್ಲಿ, ಜಡಿಮಳೆಯ ಒಂದು ಮುಂಜಾನೆ, ನಾನು ಖೋಲಿಯ ಕೀಲಿ ತೆಗೆಯುವಾಗ ದುರಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಮೊಣಕಾಲುಮಟ ಕೆಸರು, ಹೆಗಲಿಗೆ ಚೀಲ. ಆಗ ಯಾವ ಜಾಥಾವೂ ಗೊತ್ತಾಗಿರಲಿಲ್ಲ.

"ಎಲ್ಲಿಗೆ ಹೋಗಿದ್ದೆಪಾ?"

"ಬೀಗರ ಊರಿಗೆ ಅಂತ ಮನ್ಯಾಗ ಹೇಳೇನಿ. ನೋಟ್‌ಬುಕ್ ತಗೀರಿ."

ತೆಗೆದೆ. ಅವನು ಕಣ್ಣುಮುಚ್ಚಿದ. ಭೀಮಗೊಂಡನ ತೋಟದಿಂದ ರಾಯಬಾಗದವರೆಗೆ, ಒಂದೊಂದು ತೂಬು, ಒಂದೊಂದು ಬನ್ನಿ ಮರ, ಒಂದೊಂದು ನಾಯಿ, ಒಂದೇ ಉಸಿರಿಗೆ.

"ಶೇವಂತಾ ಹೇಳಿದ್ದಕ್ಕಿಂತ ಅರ್ಧ ಮೈಲ ಕಮ್ಮಿ ಬೀಳತೈತಿ. ಬರಕೊಂಡ್ರೇನು?"

"ಬರಕೊಂಡೆ."

"ಓದ್ರಿ."

ಓದಿದೆ. ಪೂರ್ತಿ ಕೇಳಿ, ನೋಟ್‌ಬುಕ್ಕಿನೊಳಗೆ ಬಗ್ಗಿ ನೋಡಿದ.

"ಆಕಿ ಹೆಸರ ಹಾಕೀರೇನು ಅದರಾಗ?"

"ಇಲ್ಲ."

"ಹಾಕ್ರಿ. ಆಕಿ ದಾರಿ ಅರ್ಧ ಮೈಲ ಉದ್ದ ಅಂತ ಹಾಕ್ರಿ."