ಅನುಸೂಯಾಳ ಸಜ್ಜೆ ಕಡುಬು

ನಮ್ಮ ಯಲಬುರ್ಗಿ ಓಣಿಯ ಅನುಸೂಯಾ ಬಸ್ ಕಂಡಕ್ಟರ್. ಅವಳಿಗೆ ಅಡುಗೆ ಬರುವುದಿಲ್ಲ. ತಾಯಿಯಿಲ್ಲದ ಹುಡುಗಿ, ಹಾಸ್ಟೆಲ್ಲಿನಲ್ಲಿ ಉಂಡು ಬೆಳೆದಳು. ಮದುವೆಯಾದದ್ದು ಖಾನಾವಳಿಯಲ್ಲಿ ಅಡುಗೆ ಮಾಡುವ ಹುಲಿಗೆಪ್ಪನನ್ನು. ಒಲೆ ಹಚ್ಚುವ ಪ್ರಸಂಗವೇ ಬರಲಿಲ್ಲ. ತುಂಬಿದ ಬಸ್ಸಿನಲ್ಲಿ ಯಾರು ಎಲ್ಲಿ ಇಳಿಯಬೇಕೆಂದು ಹೇಳುತ್ತಾಳೆ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದರೆ ಗಂಡನನ್ನು ಕೇಳುತ್ತಾಳೆ.

ಎಳ್ಳಮವಾಸ್ಯೆಗೆ ನಾವು ನಾಲ್ಕು ಮನೆಯವರು ವಿರೂಪಾಕ್ಷಮ್ಮನ ಜೋಳದ ಹೊಲಕ್ಕೆ ಹೋಗುತ್ತೇವೆ. ಮನೆಗೊಂದು ಅಡುಗೆ. ಎಲ್ಲರ ಬುತ್ತಿಯಿಂದಲೂ ಒಂದಿಷ್ಟು ತೆಗೆದು ಮೊದಲು ಭೂಮಿತಾಯಿಗೆ ಚರಗ ಚೆಲ್ಲಬೇಕು, ಆಮೇಲೆ ನಮ್ಮ ಊಟ. ಅನುಸೂಯಾ ಗಂಡ ಮಾಡಿದ್ದನ್ನೇ ಹೊತ್ತು ತರುತ್ತಿದ್ದಳು. ಹೋದ ವರ್ಷ ವಿರೂಪಾಕ್ಷಮ್ಮ ಎಲ್ಲರೆದುರು ಅಂದುಬಿಟ್ಟಳು: "ಭೂಮ್ತಾಯಿಗೆ ಹೆಣ್ಮಕ್ಕಳ ಕೈಯ ಅಡಗಿ ಬೇಕವ್ವಾ. ಖಾನಾವಳಿದು ನಡಿಯಂಗಿಲ್ಲ."

ಆ ಮಾತು ಅವಳಿಗೆ ನಾಟಿತು. ಈ ಸಲ ಹಬ್ಬದ ಬೆಳಿಗ್ಗೆ ಸಜ್ಜೆ ಹಿಟ್ಟು ಹಿಡಿದು ನನ್ನ ಅಡುಗೆಮನೆಗೇ ಬಂದಳು.

"ಯಮ್ಮಾ, ಕಡುಬು ಮಾಡೋದು ಕಲಿಸ್ರಿ."

"ಹೊಂಡೋ ಹೊತ್ತಿನಾಗ ಏನ್ ಕಲಿಸ್ಲಿ? ಮೂಲಂಗಿ, ಸೌತಿಕಾಯಿ, ಹಸಿ ಉಳ್ಳಾಗಡ್ಡಿ ತೊಳದು ತಗೊಂಡ್ ಬಾ. ಒಂದು ಗಡಿಗಿ ಮೊಸರು ತಾ. ರೊಟ್ಟಿ ಉಣ್ಣೋರಿಗೆ ಅದೂ ಬೇಕಲ್ಲ."

"ಮತ್ತ ನಗ್ತಾರ್ರಿ. ನನ್ನ ಕೈಲೇ ಆಗಬೇಕು."

ಸರಿ. ಕುದಿನೀರು ಹಾಕು ಎಂದರೆ ತಣ್ಣೀರು ಸುರಿದಳು, ಹಿಟ್ಟು ಒಡೆಯಿತು. ಮೆಲ್ಲಗೆ ನಾದು ಎಂದರೆ ಬಸ್ಸಿನ ಬಾಗಿಲು ಬಡಿದಂತೆ ಬಡಿದಳು. ಮುಚ್ಚಳ ತೆಗೆಯಬೇಡ ಎಂದೆ. ತೆಗೆದು ತೆಗೆದು ನೋಡಿದಳು. ನನಗೆ ತಾಳ್ಮೆ ಬಹಳ ಎಂದು ಓಣಿಯವರು ಅನ್ನುತ್ತಾರೆ. ಅವರು ಅಂದು ನನ್ನ ಒಲೆಯ ಮುಂದೆ ಇರಬೇಕಿತ್ತು.

"ಕೈ ಮಾಡಿದೋರಿಗೆಲ್ಲಾ ಬಸ್ ನಿಂದ್ರಿಸಿ ಕಾಯ್ತಿ, ಒಂದು ಪಾತ್ರಿ ಮುಂದ ಕಾಯಾಕ ಆಗಂಗಿಲ್ಲೇನ?"

ಕಡುಬು ಕಲ್ಲಾದವು. ಅವನ್ನೇ ಡಬ್ಬಿಗೆ ತುಂಬಿದಳು. ನಾನು ಮೊಸರು ಕೊಡಲು ಹೋದರೆ ಮುಖ ತಿರುವಿದಳು.

ಹೊಲದಲ್ಲಿ ವಿರೂಪಾಕ್ಷಮ್ಮ ಒಂದು ಕಡುಬನ್ನು ಬೆರಳಿನಿಂದ ಒತ್ತಿದಳು. ನೊಂದದ್ದು ಬೆರಳೇ. ಚರಗಕ್ಕಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಇದಕ್ಕೆ ನೋಡುವುದೂ ಬೇಕಿರಲಿಲ್ಲ.

"ಇವನ್ನ ಉಣ್ಣೋರು ಯಾರು? ಎಲ್ಲಾ ಚರಗಕ್ಕ ಹೋಗ್ಲಿ," ಎಂದು ಡಬ್ಬಿಯನ್ನೇ ಚರಗದ ಬುಟ್ಟಿಗೆ ಬೋರಲು ಹಾಕಿದಳು. ಹೆಂಗಸರು ನಕ್ಕರು. ಅನುಸೂಯಾಳ ಕಣ್ಣು ತುಂಬಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಬುಟ್ಟಿ ಎತ್ತಿಕೊಂಡು ಜೋಳದ ಸಾಲಿಗೆ ಇಳಿದಳು. ಬಸ್ಸಿನಲ್ಲಿ ಪಳಗಿದ ಗಂಟಲು, ಚರಗ ಚೆಲ್ಲುವಾಗಿನ "ಹುಲ್ಲುಲ್ಲಿಗ್ಯೋ!" ಕೂಗು ಪಕ್ಕದ ಹೊಲಕ್ಕೂ ಕೇಳಿತು. ಒಂದೂ ಬಿಡದೆ ಚೆಲ್ಲಿ ಬಂದಳು.

"ಅಕ್ಕಾರ, ಭೂಮ್ತಾಯಿಗೆ ಹೆಣ್ಮಕ್ಕಳ ಕೈಯ ಅಡಗಿ ಬೇಕಂದಿದ್ರಿ. ನಂದು ಪೂರಾ ಮುಟ್ಟೇತಿ ನೋಡ್ರಿ. ನಿಮ್ಮದು ತುಸು ಆಕಿಗೆ, ಉಳಿದದ್ದೆಲ್ಲಾ ನಮ್ಮ ಹೊಟ್ಟಿಗೆ."

ವಿರೂಪಾಕ್ಷಮ್ಮ ಬದನೆಯ ಎಣಗಾಯಿ ಪಾತ್ರೆ ತೆಗೆದು ಮೊದಲು ಅನುಸೂಯಾಳ ರೊಟ್ಟಿಯ ಮೇಲೇ ಬಡಿಸಿದಳು.

ಊರಿಗೆ ಹೊರಟಾಗ ಅನುಸೂಯಾ ನನ್ನ ಪಕ್ಕಕ್ಕೆ ಬಂದಳು.

"ಯಮ್ಮಾ, ಬರೋ ವರ್ಷ ಹೋಳಿಗಿ ಕಲಿಸ್ರಿ."

"ಮೊಸರು ತಾ," ಎಂದೆ.